ನಾಲ್ಕನೇ ನಂಬರಿನ ಹುಡಿಗಿ

ನಮ್ಮನಿಯವ್ರ ಕಣ್ಣಿನ ಬಗ್ಗೆ ದಾಂಡೇಲ್ಯಾಗ ಗೊತ್ತಿಲ್ಲದವ್ರು ಯಾರೂ ಇಲ್ಲ. ಗೊತ್ತಿಲ್ಲದವ್ರು ಸಿಕ್ರ ಅವರ ಹಿಡದು ನಿಲ್ಲಿಸಿ ಹೇಳತಾರ. ಕಾಗದದ ಮಿಲ್ಲಿನ್ಯಾಗ ಚೆಕ್ಕರ್ ಇದ್ರು. ಹಾಳಿ ಸರಸರ ಅಂತ ಬರೂವಾಗ ಮುಂದ ನಿಂತು ನೋಡೂದು, ಕಲಿ ಇದ್ದದ್ದು, ಮಡಿಕಿ ಬಿದ್ದದ್ದು ಆರಿಸಿ ಬಾಜೂಕ ಒಗಿಯೂದು, ಇದು ಅವರ ಕೆಲಸ. ರಿಟೈರ್ ಆಗಿ ಇಷ್ಟ ವರ್ಷ ಆತು, ಆರಿಸೂದು ಮಾತ್ರ ಬಿಟ್ಟಿಲ್ಲ. ನಾ ರೊಟ್ಟಿ ಬಡದು ಹಾಕಿದ್ರ ಎತ್ತಿ ಬೆಳಕಿಗೆ ಹಿಡದು, "ಮಾಲವ್ವಾ, ಈ ಮೂಲ್ಯಾಗ ಸ್ವಲ್ಪ ದಪ್ಪ ಐತಿ ನೋಡು" ಅಂತಾರ. "ರೊಟ್ಟಿ ತಿನ್ನೂದೈತಿರಿ, ಅದರ ಮ್ಯಾಲ ಪತ್ರ ಬರಿಯೂದಿಲ್ಲ" ಅಂತ ನಾನೂ ಹೇಳಿ ಹೇಳಿ ಸಾಕಾಗಿ ಬಿಟ್ಟೇನಿ. ಇಂಥಾ ಕಣ್ಣು ಇಟಗೊಂಡು ಈ ಮಹಾರಾಯ್ರು ಹ್ವಾದ ತಿಂಗಳ ನನ್ನ ಚಪ್ಪಲಿ ಹಾಕ್ಕೊಂಡು ಪೋಸ್ಟ್ ಆಫೀಸಿಗೆ ಹೋಗಿ ಬಂದಾರ. ಬಂದಮ್ಯಾಲೂ ಅವರಿಗೆ ಗೊತ್ತಾಗಿಲ್ಲ. ನಾನ ಹೇಳಿದೆ.

ಆದ್ರ ಸಾಲ್ಯಾಗ ಆದ ಗದ್ದಲಕ್ಕ ಅವರ ಕಣ್ಣೊಂದ ಕಾರಣ ಅಲ್ಲ. ಬಾಜೂಮನಿ ಶೌಕತಭಾಯಿ ಬಾಯಿಗೂ ಅದರಾಗ ಪಾಲು ಐತಿ.

ಶೌಕತಭಾಯೀದು ಹಳಿಯಾಳ ರೋಡಿನ್ಯಾಗ ಗ್ಯಾರೇಜ್ ಐತಿ. ಮನಷ್ಯಾ ಬಂಗಾರ, ಮಾತು ಸುತ್ತಿಗಿ. ಒಂದು ಗಾಡಿ ಬಂತಂದ್ರ ಇಂಜಿನ್ ಪೂರ್ತಿ ಬಿಚ್ಚಿ, ತಟ್ಟಿನ ಮ್ಯಾಲ ಒಂದೊಂದ ಸಾಮಾನು ಬ್ಯಾರೆ ಬ್ಯಾರೆ ಹರವಿ, "ಇದು ಛಲೋ ಐತಿ, ಇದು ಹೋಗೇತಿ" ಅಂತ ಬೊಟ್ಟು ಮಾಡಿ ಹೇಳಾಂವ. ಜಗತ್ತೂ ಹಂಗ ಹರವಿಟ್ಟು ನೋಡಬೇಕು ಅನ್ನೂದು ಅವನ ಹಟ. ಅವನ ಮಗಳು ಅಂಬರೀನ ಹತ್ತನೇ ಕ್ಲಾಸಿನ್ಯಾಗ ಅದಾಳ, ಕಬಡ್ಡಿ ಹುಚ್ಚು. ಮೊಣಕಾಲ ಚಿಪ್ಪಿನ ಮ್ಯಾಲ ಒಂದು ಗಾಯ ಒಣಗೂದ್ರಾಗ ಇನ್ನೊಂದು ಮಾಡ್ಕೊಂಡು ಬರತಾಳ. ತಾಯಿ ಹಬೀಬಾ ಅರಿಶಿಣ ಹಚ್ಚಿ, ಗಂಡನ ಕಣ್ಣಿಗೆ ಬೀಳಧಂಗ ಮುಚ್ಚಿ, ಹೆಂಗೋ ನಡಸಿದ್ಲು. ಮುಚ್ಚಿಟ್ಟದ್ದು ಎಷ್ಟ ದಿನ ಇರತೈತಿ?

ಸಾಲ್ಯಾಗ ಪಾಲಕರ ಸಭೆ ಕರದ್ರು. ನಮ್ಮ ಮಮ್ಮಗಳೂ ಅದ ಸಾಲಿಗೆ ಹೋಗ್ತಾಳಂತ ನಾವಿಬ್ರೂ ಹೋಗಿದ್ವಿ. ಆಟದ ಉಸ್ತುವಾರಿ ಅಡಿವೆಯ್ಯ ಮಾಸ್ತರದು. ಅವರು ಕಲಿಸೂದು ಹಿಂದಿ. ಆಟದ ಮಾಸ್ತರ ವರ್ಗ ಆಗಿ ಹೋದಾಗ ಸಾಲ್ಯಾಗ ಇವರ ಹತ್ರ ಒಂದ ಸೀಟಿ ಇತ್ತು ಅನ್ನೂ ಕಾರಣಕ್ಕ ಹೆಡ್‌ಬಾಯಾರು ಇವರನ್ನ ಹಿಡದ್ರು. ಮಾಸ್ತರ ಎದ್ದು ನಿಂತು, ನಮ್ಮ ಹುಡಿಗ್ಯಾರು ತಾಲೂಕಾ ಗೆದ್ದು ಬಂದಾರ, ನೋಡ್ರಿ ಕಪ್ಪು ಅಂತ ಎತ್ತಿ ತೋರಿಸಿದ್ರು. ಎಲ್ಲಾರೂ ಚಪ್ಪಾಳಿ ಹೊಡದ್ರು. ಶೌಕತಭಾಯಿ ಹೊಡೀಲಿಲ್ಲ. ಎದ್ದು ನಿಂತಾ.

"ಮಾಸ್ತರ, ಒಂದು ಕೇಳತೇನಿ. ಗಣಿತಕ್ಕ ನನ್ನ ಮಗಳಿಗೆ ಬ್ಯಾರೆ ಮಾರ್ಕ್ಸ್ ಕೊಡ್ತೀರಿ, ವಿಜ್ಞಾನಕ್ಕ ಬ್ಯಾರೆ ಕೊಡ್ತೀರಿ. ಕಬಡ್ಡಿಗೆ ಮಾತ್ರ ಎಲ್ಲಾರಿಗೂ ಕೂಡಿ ಒಂದ ಕಪ್ಪು. ಟೀಮು ಗೆದ್ದೈತಿ ಅಂತೀರಿ. ಅದರಾಗ ನನ್ನ ಮಗಳದು ಎಷ್ಟು?"

ಅಡಿವೆಯ್ಯ ಮಾಸ್ತರ ಕಪ್ಪು ಕೆಳಗಿಟ್ರು. "ಅದು... ಹಂಗ ಹೇಳಾಕ ಬರೂದಿಲ್ಲರಿ ಶೌಕತಭಾಯಿ. ಎಲ್ಲಾರೂ ಕೂಡೇ..."

"ಯಾಕ ಬರೂದಿಲ್ಲ? ಗಾಡಿ ಓಡತೈತಿ ಅಂದ್ರ ಯಾವ ಸಾಮಾನು ಏನ್ ಮಾಡತೈತಿ ನಾ ಹೇಳ್ತೇನಿಲ್ಲೋ? ನೀವು ಹೇಳ್ರಿ. ಅಕಿ ನಿಜವಾಗ್ಲೂ ಮೊದಲನೇದಾಕಿ ಇದ್ರ ಆಡ್ಲಿ, ನಾ ತಡಿಯೂದಿಲ್ಲ. ಗುಂಪಿನ್ಯಾಗ ಗೋವಿಂದ ಅಂತ ಮೊಣಕಾಲ ಒಡಕೊಳ್ಳೂದಿದ್ರ ಸಾಕು. ಮುಂದಿನ ಪಂದ್ಯದಾಗ ಅದು ತಿಳೀಲಿಲ್ಲಂದ್ರ ಕಬಡ್ಡಿ ಬಂದ್, ಹೊಲಿಗಿ ಕ್ಲಾಸಿಗೆ ಹೋಗ್ಲಿ."

ಕಿಡಕ್ಯಾಗ ಹುಡಿಗ್ಯಾರ ಮಾರಿ ಕಾಣತಿದ್ವು. ಅಂಬರೀನನ ಮಾರಿ ಅಲ್ಲಿಂದ ಸರದುಹೋತು. ಹಬೀಬಾ ಸೆರಗಿನ ತುದಿ ಕಡಕೊಂಡು ಕುಂತಬಿಟ್ಲು. ಮಾಸ್ತರ ಬೆವರು ಒರಸ್ಕೊಳ್ಳಾಕ ಹತ್ತಿದ್ರು. ಇಂಥಾ ಹೊತ್ತಿನ್ಯಾಗ, ಯಾರೂ ಕೇಳಲಾರ್ದ, ನಮ್ಮನಿಯವ್ರು ಎದ್ದು ನಿಂತ್ರು. ನಾ ಧೋತರ ಹಿಡದು ಜಗ್ಗಿದೆ. ಧೋತರ ಬಿಚ್ಚೂದ್ ಬಂತ ಹೊರತು ಅವರು ಕುಂಡರಲಿಲ್ಲ.

"ಇದೇನ್ ದೊಡ್ಡದಲ್ಲ" ಅಂದ್ರು. "ಮಿಲ್ಲಿನ್ಯಾಗ ಒಂದ ಮಷೀನಿಗೆ ಒಬ್ಬ ಚೆಕ್ಕರ್ ಇರತಿದ್ದಾ. ಅಂವ ಬಾಜೂ ಮಷೀನ್ ಕಡೆ ಹಣಿಕಿ ಹಾಕೂದಿಲ್ಲ. ಇಲ್ಲೂ ಹಂಗ ಮಾಡ್ರಿ. ಏಳು ಹುಡಿಗ್ಯಾರಿಗೆ ಏಳು ಮಂದಿ ಚೆಕ್ಕರ್. ಒಬ್ರು ಒಂದ ಹುಡಿಗೀನ ನೋಡೂದು, ಮೊದಲಿಂದ ಕೊನೀತನಕ, ಕಣ್ಣು ಮಿಟಕಲಾರ್ದ. ಚೀಟಿ ಎತ್ತಿ ನಂಬರ್ ಹಂಚೂಣು. ಯಾವ ನಂಬರಿನ ಅಂಗಿ ಯಾರು ಹಾಕ್ಕೊಂಡಾರ ಅಂತ ಕೇಳೂ ಹಂಗಿಲ್ಲ. ಮಾರಿ ಅಂತೂ ನೋಡೂ ಹಂಗಿಲ್ಲ. ಮಾರಿ ನೋಡಿದ್ರ ಮಾಯಾ ಬರತೈತಿ, ಮಾಯಾ ಬಂದ್ರ ಮಾರ್ಕ್ಸ್ ಬೀಳತಾವ. ನಂಬರ್ ನೋಡ್ರಿ, ನ್ಯಾಯಾ ಮಾಡ್ರಿ!"

ಸಭೆಗೆ ಸಭೆನ ಬೆರಗಾಗಿ ಕುಂತಿತು. ಹೆಡ್‌ಬಾಯಾರು, "ಇಷ್ಟ ದಿನ ನಮಗ ಹೊಳೀಲಿಲ್ಲಲ್ಲಾ!" ಅಂದ್ರು. ಶೌಕತಭಾಯಿ ಬಂದು ನಮ್ಮನಿಯವ್ರ ಕೈ ಹಿಡದು ಕುಲುಕಿದಾ. "ಸಾತಪ್ಪಕಾಕಾ, ನಿಮ್ಮ ತಲಿ ಮಿಲ್ಲಿನ್ಯಾಗ ಹಾಳಾತು." ಹಾಳಾದದ್ದು ಯಾವಾಗ ಅನ್ನೂದು ನನಗ ಗೊತ್ತೈತಿ, ಆದ್ರ ನಾಕ ಮಂದ್ಯಾಗ ಗಂಡನ್ನ ಬಿಟ್ಟುಕೊಡಬಾರದು.

ಚೀಟಿ ಎತ್ತಿದ್ರು. ನಮ್ಮನಿಯವ್ರಿಗೆ ಒಂದನೇ ನಂಬರ್ ಬಂತು, ಹಬೀಬಾಗ ಎರಡು, ಶೌಕತಭಾಯಿಗೆ ನಾಲ್ಕು, ಟೆಂಪೋ ಓಡಸೂ ಶಿವಯೋಗಿಗೆ ಐದು. ಮಂದಿ ಕಡಿಮಿ ಬಿತ್ತಂತ ನನಗೂ ಏಳನೇ ನಂಬರ್ ಕಟ್ಟಿದ್ರು. ಉಳದ ಎರಡಕ್ಕ ಶೌಕತಭಾಯಿ ತನ್ನ ಗಿರಾಕಿಗೋಳನ್ನ ಹಿಡಕೊಂಡು ಬಂದಾ. ಪಾಪ, ಅವರ ಗಾಡಿ ಗ್ಯಾರೇಜಿನ್ಯಾಗ ಬಿಚ್ಚಿ ಬಿದ್ದಿದ್ವು, ಒಲ್ಲೆ ಅನ್ನೂ ಹಂಗಿರಲಿಲ್ಲ.

ಅವತ್ತ ಸಂಜೀಕ ಕಟ್ಟಿ ಮ್ಯಾಲ ಕುಂತಾಗ ಶೌಕತಭಾಯಿ ಮಗಳನ್ನ ಕೇಳೇಬಿಟ್ಟಾ. "ನಿಂದು ಯಾವ ನಂಬರ?"

"ನನಗ ನಂಬರ್ ಇಲ್ಲ ಅಬ್ಬಾ" ಅಂದ್ಲು ಅಂಬರೀನ.

ನಮ್ಮನಿಯವ್ರು ಹಿಗ್ಗಿ ಹೀರೀಕಾಯಿ ಆದ್ರು. "ನೋಡು ಶೌಕತ! ಅಪ್ಪಗೂ ಹೇಳೂದಿಲ್ಲ. ಶಿಸ್ತು ಅಂದ್ರ ಇದು." ಹುಡಿಗಿ ಇದ್ದದ್ದು ಇದ್ದಂಗ ಹೇಳಿತ್ತು ಅನ್ನೂದು ಆವಾಗ ಯಾರಿಗೂ ತಿಳೀಲಿಲ್ಲ, ನನಗೂ ತಿಳೀಲಿಲ್ಲ. ಅವರಿಬ್ರೂ ಒಳಗ ಹೋದಮ್ಯಾಲ ಅಕಿ ನನ್ನ ಹತ್ರ ಬಂದು ಕುಂತ್ಲು.

"ಆಯಿ, ಹೊಲಿಗಿ ಕ್ಲಾಸಿನ್ಯಾಗ ದಿನಾ ಏನ್ ಮಾಡತಾರ?"

"ಹೊಲೀತಾರವಾ."

"ಕುಂತ?"

"ಮತ್ತ ಓಡಕೋತ ಹೊಲ್ಯಾಕ ಬರತೈತೇನ?"

ನಕ್ಕಾಳು ಅನಕೊಂಡಿದ್ದೆ. ನಗಲಿಲ್ಲ. ಕಾಲ ಬೆರಳಿಂದ ನೆಲಾ ಕೆರೀತಾ ಕುಂತಿತ್ತು ಕೂಸು. ನನಗ ನಮ್ಮನಿಯವ್ರ ಮ್ಯಾಲ ಎಂಥಾ ಸಿಟ್ಟು ಬಂತಂದ್ರ, ರಾತ್ರಿ ಅವರ ತಾಟಿಗೆ ಬೇಕಂತ ಸುಟ್ಟ ರೊಟ್ಟಿನ ಹಾಕಿದೆ.

ಪಂದ್ಯ ಇದ್ದದ್ದು ಹಳಿಯಾಳದಾಗ, ಮುಂಡಗೋಡ ಕಡೆ ಇಂದೂರಿನ ಹುಡಿಗ್ಯಾರ ಜೋಡಿ. ಶಿವಯೋಗಿ ಟೆಂಪೋದಾಗ ಎಲ್ಲಾರೂ ಹೇರಕೊಂಡು ಹೋದ್ವಿ. ಮಳಿ ಬೆಳಿಗ್ಗಿಂದ ಬಿಟ್ಟಿರಲಿಲ್ಲ. ಅಂಕಣ ಅನ್ನೂದು ಕೆಂಪು ರಾಡಿ ಆಗಿತ್ತು. ಇಂದೂರಿನ ಹುಡಿಗ್ಯಾರು ಗೋವಿನಜೋಳದ ಹೊಲದಾಗ ದುಡದ ಗಟ್ಟಿ ಹುಡಿಗ್ಯಾರು. ಒಬ್ಬೊಬ್ರ ರಟ್ಟಿ ನೋಡಿ ಹಬೀಬಾ, "ಯಾ ಅಲ್ಲಾ!" ಅಂತ ಕಣ್ಣು ಮುಚ್ಚಿದಾಕಿ, ಪಂದ್ಯ ಮುಗಿಯೂತನಕ ತಗೀಲಿಲ್ಲ. ಎರಡನೇ ನಂಬರಿನ ಚೆಕ್ಕರ್ ಅಕಿ.

ನಮ್ಮನಿಯವ್ರು ಚೆಕ್ಕರ್‌ಗೋಳನ್ನ ಅಂಕಣದ ಆಚಿ ಬದಿಗೆ ಸಾಲಾಗಿ ನಿಲ್ಲಿಸಿದ್ರು, ಒಬ್ರಿಗೊಬ್ರು ಮಾತಾಡಬಾರದಂತ ನಡಬರಕ ಎರಡೆರಡು ಮಾರು ಜಾಗಾ ಬಿಟ್ರು. ನನಗ ಮೊಣಕಾಲ ನೋವು, ಈಚಿ ಬದಿಗೆ, ನಮ್ಮ ಹುಡಿಗ್ಯಾರ ಚೀಲಾ ಇಟ್ಟಲ್ಲಿ, ಬುತ್ತಿ ಗಂಟು ಹಿಡಕೊಂಡು ಕುಂತೆ. ಏಳನೇ ನಂಬರನ್ನ ನೋಡಬೇಕಿತ್ತು. ಸುಳ್ಳು ಯಾಕ ಹೇಳ್ಲಿ, ನೋಡಲಿಲ್ಲ. ಯಾಕಂದ್ರ ನನ್ನ ಮುಂದನ ಇನ್ನೊಂದು ನಡದಿತ್ತು.

ಸಾಲ್ಯಾಗ ಅಂಗಿ ಇರೂದು ಏಳ. ಆಡಾವ್ರು ಅದಕ್ಕಿಂತ ಹೆಚ್ಚು. ಆ ಏಳರಾಗ ಆರು ಹುಡಿಗ್ಯಾರ ಅಳತೀವು, ಮೈಗೆ ಬಿಗಿಯಾಗಿ ಕುಂಡರತಾವ. ನಾಲ್ಕನೇ ನಂಬರಿನ ಅಂಗಿ ಮಾತ್ರ ಅಡಿವೆಯ್ಯ ಮಾಸ್ತರ ತಮ್ಮ ಅಳತಿ ಕೊಟ್ಟು ಹೊಲಿಸಿದ್ದು. ಆಟದ ಮಾಸ್ತರ ಆದಮ್ಯಾಲ ತಮಗೂ ಒಂದು ಇರಲಿ ಅನ್ನೂ ಆಶಾ. ಹಾಕ್ಕೊಂಡು ನೋಡಿದ್ರ ಹೆಡ್‌ಬಾಯಾರು ನಕ್ರಂತ, ಹುಡಿಗ್ಯಾರಿಗೆ ಕೊಟ್ಟುಬಿಟ್ರು. ಅದು ಯಾರು ಬೇಕಾದ್ರೂ ಮ್ಯಾಲಿಂದ ಮ್ಯಾಲ ತೊಟ್ಟು ಬಿಚ್ಚೂವಂಥಾ ಅಂಗಿ. ಅದಕ್ಕ ಬದಲಿ ಹುಡಿಗಿ ಒಳಗ ಹೋಗಬೇಕಂದ್ರ, ಹೊರಗ ಬರಾಕಿ ಅದನ್ನ ಕಳದು ಅಕಿ ಕೊಳ್ಳಾಗ ಹಾಕೂದು. ಸಾಲಿ ಆಟದಾಗ ರೆಫ್ರೀನೂ ಇದನ್ನೆಲ್ಲಾ ಕೇಳೂದಿಲ್ಲ. ಕಬಡ್ಡಿ ಅಂದ್ರ ಹಿಂಗ ಇರತೈತೇನೋ ಅಂತ ನಾನೂ ಸುಮ್ಮನ ನೋಡಿದೆ. ಮೂರು ಹುಡಿಗ್ಯಾರು, ಒಂದ ಅಂಗಿ: ನಮ್ಮ ಅಂಬರೀನ, ಗೌಂಡಿ ಕೆಲಸದವ್ರ ಮಗಳು ಲಕ್ಷ್ಮಿ, ಜೋಯಿಡಾ ಕಡೀದೊಂದು ಸಣ್ಣ ಕೂಸು ಸುಮಿತಾ.

ಮೊದಲ ಅಂಬರೀನ ತೊಟ್ಟಿದ್ಲು. ಸೀಟಿ ಊದಿದ ಕೂಡ್ಲೆ ಅಕಿ ರೇಡಿಗೆ ಹೋದ್ಲು. ನಾ ಜೀವನದಾಗ ಕಬಡ್ಡಿ ಹತ್ರದಿಂದ ನೋಡಿದ್ದ ಅವತ್ತ. ಕಟ್ಟಿ ಮ್ಯಾಲ ಕುಂತು ಅವರೀಕಾಯಿ ಸುಲಿಯೂ ಹುಡಿಗಿ ಇದಲ್ಲ. ಕೆಸರಿನ್ಯಾಗ ಹೆಜ್ಜಿ ಇಟ್ರ ಸಪ್ಪಳ ಇಲ್ಲ. ಉಸಿರು ಒಂದ ಎಳೀ ಹರೀಲಾರ್ದ ಹೊಂಟೈತಿ, ಅತ್ಲಾಗ ಸುತ್ತ ಏಳು ಮಂದಿ ಗಟ್ಟಿ ಹುಡಿಗ್ಯಾರು ಕಾಯಾಕ್ಹತ್ಯಾರ, ಇಕಿ ಕಣ್ಣಾಗ ಅಂಜಿಕಿ ಇಲ್ಲ. ಮುಟ್ಟಿ ತಿರಗಿ ಬಂದ್ಲು. ಮತ್ತ ಹೋದ್ಲು, ಮತ್ತ ಮುಟ್ಟಿ ಬಂದ್ಲು. ನನ್ನ ಬಾಯಾಗಿಂದ "ಅಬ್ಬಬ್ಬಬ್ಬಾ!" ಅಂತ ತಾನ ಬಂತು. ಬುತ್ತಿ ಗಂಟು ಕೆಸರಿಗೆ ಬಿತ್ತು.

ಆಟ ಹಿಂಗ ಛಲೋ ನಡದಿತ್ತು. ಆವಾಗ ಅಕಿ ಗೆರಿ ಹತ್ರ ಬಂದು, ಅಂಗಿ ಕಳದು, ಲಕ್ಷ್ಮಿ ಕೊಳ್ಳಾಗ ಹಾಕಿಬಿಟ್ಲು!

"ಹುಚ್ಚೀ, ನೀ ಯಾಕ ಬಂದಿ? ಗೆಲ್ಲಾಕ್ಹತ್ತೀಯಲ್ಲಾ!" ಅಂದೆ.

ಅಕಿ ಕಣ್ಣು ಅಂಕಣದ ಮ್ಯಾಲ ಇತ್ತು. "ಅವರು ನನ್ನ ಬಲಗಾಲು ಕಲ್ತರು ಆಯಿ. ಇನ್ನೊಂದ ಸಲ ಹೋದ್ರ ಹಿಡೀತಾರ. ಲಕ್ಷ್ಮಿ ಎಡಚಿ, ಅಕೀನ್ನ ತಿಳಕೊಳ್ಳಾಕ ಅವರಿಗೆ ವ್ಯಾಳ್ಯಾ ಬೇಕು."

ಲಕ್ಷ್ಮಿ ಎಡಗಡೆಯಿಂದ ಹೋದ್ಲು. ಮೂವರು ಕೈ ಕೈ ಹಿಡಕೊಂಡು ಅಡ್ಡ ನಿಂತಿದ್ರು. ಅವರ ತಲಿ ಮ್ಯಾಲಿಂದ ಹಾರಿ ಬಂದು ನನ್ನ ಮುಂದ ಬಿದ್ಲು ನೋಡ್ರಿ, ಹಾರಿದ್ದು ನಿಜವೋ ನನ್ನ ಕಣ್ಣಿನ ಭ್ರಮಾನೋ ತಿಳೀಲಿಲ್ಲ. ಮಳಿ ಜೋರಾತು. ಎಲ್ಲಾರೂ ಕೆಸರಿನ್ಯಾಗ ಮುಳುಗಿ ಒಂದ ಬಣ್ಣ ಆದ್ರು, ಬೆನ್ನ ಮ್ಯಾಲಿನ ಬಿಳೀ ನಂಬರ್ ಒಂದ ಕಾಣತಿತ್ತು. ಕಡೀಕ ಇಂದೂರಿನ ಎಲ್ಲಾರಕಿಂತ ದೊಡ್ಡ ಹುಡಿಗಿ ರೇಡಿಗೆ ಎದ್ಲು. ಅಂಬರೀನ ಕೂಗಿ ಲಕ್ಷ್ಮೀನ ಹೊರಗ ಕರದು, ಅಂಗಿ ಸುಮಿತಾಗ ಹಾಕಿ, ಕಿವ್ಯಾಗ ಏನೋ ಹೇಳಿ ನೂಕಿದ್ಲು. ಆ ಸಣ್ಣ ಕೂಸಿಗೆ ಅಂಗಿ ಮೊಣಕಾಲತನ ಬಂದಿತ್ತು. ಅದು ಹೋಗಿ ಆ ದೊಡ್ಡಾಕಿ ಕಾಲಿನ ಹರಡು ಹಿಡೀತು. ಆಕಿ ಎಳದ್ಲು, ಝಾಡಸಿದ್ಲು, ರಾಡ್ಯಾಗ ಗೆರೀತನಾ ಜಗ್ಗಿಕೊಂಡು ಬಂದ್ಲು. ಬಿಡಲಿಲ್ಲರೀ ಕೂಸು! ಗೆರಿ ಒಂದ ಗೇಣು ಇರೂವಾಗ ಉಸಿರು ಹರದು ದೊಡ್ಡಾಕಿ ಬಿದ್ಲು.

ರೆಫ್ರೀ ಉದ್ದಕ ಸೀಟಿ ಊದಿದ್ರು. ನಮ್ಮ ಹುಡಿಗ್ಯಾರು ಕುಣ್ಯಾಕ ಹತ್ತಿದ್ರು.

ಟೆಂಪೋ ಹತ್ರ ಹಳಿಯಾಳದ ಒಬ್ಬ ಹಳೇ ಪೈಲ್ವಾನ ಚಹಾ ಕುಡಕೋತ ನಿಂತಿದ್ದಾ. "ಏನಾತ್ರೀ, ಯಾರು ಗೆದ್ರು?" ಅಂತ ನಮ್ಮನಿಯವ್ರನ್ನ ಕೇಳಿದಾ.

ನಮ್ಮನಿಯವ್ರು ಶಿವಯೋಗಿ ಮಾರಿ ನೋಡಿದ್ರು. ಶಿವಯೋಗಿ ಗಿರಾಕಿಗೋಳ ಮಾರಿ ನೋಡಿದಾ. ಗಿರಾಕಿಗೋಳು ನೆಲಾ ನೋಡಿದ್ರು.

"ನಮ್ಮ ಐದನೇ ನಂಬರ್ ಅಂತೂ ಭಾಳ ಮಸ್ತ್ ಆಡಿದ್ಲರಿ" ಅಂದಾ ಶಿವಯೋಗಿ.

"ಅದಲ್ಲೋ ಮಾರಾಯಾ, ಗೆದ್ದದ್ದು ಯಾರು?"

"ಅದನ್ನ ನೋಡಾಕ ಯಾರನ್ನೂ ನೇಮಿಸಿರಲಿಲ್ಲ" ಅಂದ್ರು ನಮ್ಮನಿಯವ್ರು, ಗಂಭೀರವಾಗಿ. ಪೈಲ್ವಾನ ಚಹಾ ಅಲ್ಲೇ ಬಿಟ್ಟು ಹ್ವಾದಾ. ಶೌಕತಭಾಯಿ ಮಾತ್ರ ದಾಂಡೇಲಿ ಬರೂತನಾ ಕಿಡಕಿ ಹೊರಗ ನೋಡಿಕೋತ, ತನ್ನಷ್ಟಕ್ಕ ತಾನ ತಲಿ ಅಲ್ಲಾಡಸ್ತಿದ್ದಾ.

ಮರುದಿನ ಸಾಲ್ಯಾಗ ಮಾರ್ಕ್ಸ್ ಹಾಕೂ ಸಭೆ. ಸುದ್ದಿ ಎಷ್ಟರಮಟ್ಟಿಗೆ ಹಬ್ಬಿತ್ತಂದ್ರ, ಮ್ಯಾಲಿನ ಆಫೀಸಿಂದ ಒಬ್ರು ಸಾಹೇಬ್ರು ಜೀಪ್ ಹತ್ತಿ ಬಂದಿದ್ರು. "ಗುಂಪಿನ ಆಟದಾಗ ಒಬ್ಬೊಬ್ರದೂ ಬ್ಯಾರೆ ಬ್ಯಾರೆ ತೂಕ ಮಾಡೂದು ನಮಗ ದೊಡ್ಡ ತಲಿಬ್ಯಾನಿ ಆಗಿತ್ತು. ಇಲ್ಲಿ ಹಿರಿಯರೊಬ್ರು ಪರಿಹಾರ ಕಂಡಹಿಡದಾರಂತ ಕೇಳಿ ಬಂದೆ" ಅಂದ್ರು. ನಮ್ಮನಿಯವ್ರು ಕೋಟು ಹಾಕ್ಕೊಂಡಿದ್ರು. ಮಳಿಗಾಲದಾಗ ಮದುವಿ ಕೋಟು. ಡಾಂಬರಗುಳಗಿ ವಾಸನಿಗೆ ಸಾಹೇಬ್ರು ಎರಡ ಸಲ ಸೀನಿದ್ರು.

ಮೊದಲ ವರದಿ ನಮ್ಮನಿಯವ್ರದ. "ಒಂದನೇ ನಂಬರ್. ಹತ್ತಕ್ಕ ಎರಡು."

"ಯಾಕ್ರೀ?" ಅಂದ್ರು ಸಾಹೇಬ್ರು.

"ಕಲಿ ಭಾಳ. ಮೈತುಂಬಾ ಕೆಸರು. ತೋಳಿನ ಹತ್ರ ಹರದೈತಿ. ಮೊದಲಿಗೆ ಇದ್ದ ಬಿಳುಪು ಕೊನಿಗೆ ಇರಲಿಲ್ಲ."

"ಮಾಲಿನ ಬಗ್ಗೆ ಅಲ್ಲರೀ, ಆಟದ ಬಗ್ಗೆ ಹೇಳ್ರಿ" ಅಂತ ನಾ ಹಿಂದಿಂದ ಅಂದೆ. ಅವರು ಕೇಳಿಸ್ಕೊಳ್ಳಲಿಲ್ಲ.

ಶಿವಯೋಗಿ ಎದ್ದಾ. "ಐದನೇ ನಂಬರ್, ಹತ್ತಕ್ಕ ಹತ್ತು. ರಿವರ್ಸ್ ಏನ್ ಹೊಡೀತಾಳ್ರೀ! ಹಿಂದ ತಿರಗಿ ನೋಡೂದಿಲ್ಲ, ಕರೆಕ್ಟ್ ಗೆರಿಗೆ ತಂದು ನಿಲ್ಲಸ್ತಾಳ." ಹಬೀಬಾ, "ಎರಡನೇ ನಂಬರಿಗೆ ಹತ್ತು ಕೊಡ್ರಿ ಸಾಬ್, ಯಾರೋ ತಾಯಿ ಹಡದ ಮಗಳು" ಅಂದು ಕುಂತ್ಲು. ಏಳನೇ ನಂಬರಿಂದು ಬಂದಾಗ ನಾನೂ ಹತ್ತು ಅಂದೆ. ಬುತ್ತಿ ಕೆಸರಿಗೆ ಬೀಳಿಸಿ ಉಪವಾಸ ಕೆಡವಿದ್ದೆ, ಇನ್ನ ಮಾರ್ಕ್ಸೂ ಕಡಿಮಿ ಮಾಡ್ಲೇನ?

ಆಮ್ಯಾಲ ಶೌಕತಭಾಯಿ ಎದ್ದಾ. ಗ್ಯಾರೇಜಿನ ಎಣ್ಣಿ ತೊಳಕೊಂಡು, ಜುಮ್ಮಾ ನಮಾಜಿಗೆ ಹೋಗೂ ಬಿಳೀ ಅಂಗಿ ತೊಟ್ಟು ಬಂದಿದ್ದಾ. ಅವನ ದನಿ ನಡಗತಿತ್ತು. ಸುತ್ತಿಗಿಯಂಥಾ ಮನಷ್ಯಾನ ದನಿ ನಡಗೂದು ನಾ ಕೇಳಿದ್ದ ಮೊದಲ ಸಲ.

"ಸಾಹೇಬ್ರ, ನಾ ನಾಲ್ಕನೇ ನಂಬರ್ ನೋಡೇನ್ರಿ. ಹೆಂಗ ಹೇಳಬೇಕೋ ತಿಳೀವಲ್ದು. ಎಷ್ಟೋ ಇಂಜಿನ್ ನೋಡೇನಿ, ಇಂಥಾದ್ದು ನೋಡಿಲ್ಲ. ಮೂರು ಮಂದಿ ತಲಿ ಮ್ಯಾಲಿಂದ ಹಾರಿದ್ಲರಿ! ಗಾಳಿ ಒಳಗ ನಿಂತಿದ್ಲು ಒಂದ ಕ್ಷಣ, ಖುದಾಕಸಮ್, ನಿಂತಿದ್ಲು. ಆಮ್ಯಾಲ ದಣದು ಗೆರಿ ಹತ್ರ ಹೋಗತಾಳ, ಇನ್ನ ಮುಗೀತು ಅನಕೋತೇನಿ, ಕಣ್ಣು ಮುಚ್ಚಿ ತಗಿಯೂದ್ರಾಗ ಹೊಸದಾಗಿ ಬರತಾಳ! ಉದ್ದಕ ಇದ್ದಾಕಿ ಗಿಡ್ಡ ಆಗಿ, ಅಷ್ಟ ದೊಡ್ಡ ಹುಡಿಗಿ ಕಾಲು ಹಿಡದು, ಬಿಡಲಿಲ್ಲರಿ. ಬಿಡಲೇ ಇಲ್ಲ."

"ಉದ್ದ ಇದ್ದಾಕಿ ಗಿಡ್ಡ ಆಗ್ತಾಳ?" ಅಂದ್ರು ಸಾಹೇಬ್ರು.

"ಬೇಕಾದಾಗ ಬೇಕಾದಷ್ಟ ಆಗತಾಳ್ರಿ!" ಅಂದ್ರು ನಮ್ಮನಿಯವ್ರು. "ಕ್ರೀಡಾಪಟು ಅಂದ್ರ ಹಂಗ."

ನಾ ತಡೀಲಾರ್ದ, "ಅಲ್ರೀ, ಅದು ಒಬ್ಬಾಕಿ..." ಅಂತ ಬಾಯಿ ತಗದೆ. "ಮಾಲವ್ವಾ, ಚೆಕ್ಕರ್ ವರದಿ ಒಪ್ಪಿಸೂವಾಗ ನಡಬರಕ ಬಾಯಿ ಹಾಕಬಾರದು" ಅಂತ ನಮ್ಮನಿಯವ್ರು ಗದರಿಸಿದ್ರು. ಸುಟ್ಟ ರೊಟ್ಟಿ ಕಡಿಮಿ ಆಗಿತ್ತು ಅನಕೊಂಡು ಸುಮ್ಮನಾದೆ.

"ಹತ್ತಕ್ಕ ಹತ್ತಲ್ಲ, ನೂರು ಬರೀರಿ" ಅಂದಾ ಶೌಕತಭಾಯಿ. "ನನ್ನ ಮಗಳೂ ಅದ ಟೀಮಿನ್ಯಾಗ ಅದಾಳ. ಅಕಿ ಮೊದಲನೇದಾಕಿ ಆದ್ರ ಮಾತ್ರ ಆಡ್ಲಿ ಅಂದಿದ್ದೆ. ಆದ್ರ ನಾಲ್ಕನೇ ನಂಬರ್ ಇರೂವಾಗ ನನ್ನ ಮಗಳಲ್ಲ, ಯಾರ ಮಗಳೂ ಮೊದಲ ಬರೂದಿಲ್ಲ. ನಾ ನ್ಯಾಯಾ ಬಿಟ್ಟು ಮಾತಾಡಂಗಿಲ್ಲ."

ಹಬೀಬಾ ಕೂತಲ್ಲೇ ಕುಸದ್ಲು. ಗಂಡ ತನ್ನ ಬಾಯಾರೆ ಮಗಳ ಆಟ ಮುಗಿಸಿದಂಗಾತು. ಸಾಹೇಬ್ರು ಮಾತ್ರ ಕುರ್ಚಿ ಬಿಟ್ಟು ಎದ್ದಿದ್ರು. "ಕರೀರಿ ಆ ಹುಡಿಗೀನ! ನಾ ಕಣ್ಣಾರೆ ನೋಡಬೇಕು. ನಾಲ್ಕನೇ ನಂಬರ್ ಯಾರು?"

ಅಡಿವೆಯ್ಯ ಮಾಸ್ತರ ಗಂಟಲ ಸರಿಮಾಡಿಕೊಂಡ್ರು. "ಯಾರನ್ನ ಕರೀಲಿರಿ?"

"ಯಾರನ್ನ ಅಂದ್ರ? ನಾಲ್ಕನೇ ನಂಬರನ್ನ."

"ಅದನ್ನ ಕೇಳಾಕ್ಹತ್ತೇನ್ರಿ ಸರ. ಯಾರನ್ನ?"

ಬಾಗಲದಾಗ ಮೂವರೂ ಬಂದು ನಿಂತ್ರು. ಲಕ್ಷ್ಮಿ, ಸುಮಿತಾ, ಅಂಬರೀನ. ಒಗದು ಇನ್ನೂ ಒಣಗಲಾರದ ನಾಲ್ಕನೇ ನಂಬರಿನ ಅಂಗಿ ಸುಮಿತಾನ ಕೈಯಾಗ ಇತ್ತು. ಮಾಸ್ತರ ಅಳತಿ, ಏಳು ಅಂಗಿ, ಬದಲಿ ಹುಡಿಗ್ಯಾರು, ಎಲ್ಲಾ ಹೊರಗ ಬಿತ್ತು. ನಮ್ಮನಿಯವ್ರು ಕೋಟಿನ ಗುಂಡಿ ಒಂದೊಂದ ಬಿಚ್ಚಿದ್ರು, ಮತ್ತ ಒಂದೊಂದ ಹಾಕ್ಕೊಂಡ್ರು. ಸಾಹೇಬ್ರು ಕುರ್ಚ್ಯಾಗ ಕುಂತ್ರು.

ಶೌಕತಭಾಯಿ ನಿಂತಲ್ಲೇ ನಿಂತಿದ್ದಾ. ಮೂರು ಮಾರಿ ನೋಡಿದಾ. ತಟ್ಟಿನ ಮ್ಯಾಲ ಸಾಮಾನು ಹರವಾವ್ರ ಹಂಗ ಕೇಳಾಕ ಸುರು ಮಾಡಿದಾ.

"ಹಾರಿದ್ದು ಯಾರು?"

"ನಾನ್ರಿ ಕಾಕಾ" ಅಂದ್ಲು ಲಕ್ಷ್ಮಿ.

"ಕಾಲು ಹಿಡದದ್ದು?"

ಸುಮಿತಾ ಅಂಗಿ ಹಿಂದ ಮಾರಿ ಮುಚ್ಚಿಕೊಂಡು ಕೈ ಎತ್ತಿದ್ಲು.

"ಎಡಗಡೆಯಿಂದ ಹೋಗಿ ಇಬ್ಬರನ್ನ ಮುಟ್ಟಿ ಬಂದದ್ದು?"

"ಅದೂ ನಾನ್ರಿ."

ಶೌಕತಭಾಯಿಗೆ ಕೇಳಾಕ ಮತ್ತೇನೂ ಉಳೀಲಿಲ್ಲ. ಮಗಳ ಕಡೆ ನೋಡಿದಾ. "ಮತ್ತ ನೀ ಏನ್ ಮಾಡಿದಿ?"

ಅಂಬರೀನನ ಬದಲಿ ಲಕ್ಷ್ಮೀನ ಹೇಳಿದ್ಲು, "ಮೊದಲ ಅಕೀನ ಇದ್ಲರಿ ಕಾಕಾ. ಅರ್ಧಕ್ಕಿಂತ ಹೆಚ್ಚು ಪಾಯಿಂಟು ಅಕೀವ. ಆಮ್ಯಾಲ ನಮ್ಮನ್ನ ಕಳಿಸಿದಾಕೀನೂ ಅಕೀನ. ಯಾರಿಗೆ ಯಾವಾಗ ಅಂಗಿ ಹಾಕಬೇಕಂತ ನಮ್ಮ ಮಾಸ್ತರಿಗೆ ಗೊತ್ತಾಗೂದಿಲ್ಲರಿ, ಅಕಿಗೆ ಗೊತ್ತಾಗತೈತಿ."

ಅಡಿವೆಯ್ಯ ಮಾಸ್ತರ, "ಖರೇ ಐತ್ರಿ" ಅಂದ್ರು. "ನಾ ಸೀಟಿ ಅಷ್ಟ ಊದತೇನಿ."

ಈ ಸಲ ನನ್ನ ಬಾಯಿಗೆ ಯಾರೂ ಕೈ ಅಡ್ಡ ಹಿಡೀಲಿಲ್ಲ. "ಗೆಲ್ಲೂವಾಗ ಅಂಗಿ ಬಿಚ್ಚಿ ಕೊಟ್ಟಾಳ್ರಿ ಶೌಕತಭಾಯಿ, ನಾ ಗೆರಿ ಮ್ಯಾಲ ಕುಂತು ನೋಡೇನಿ. ಸೋಲೂವಾಗ ಯಾರ ಬೇಕಾದ್ರೂ ಕೊಡ್ತಾರ. ನನಗ ಅವತ್ತ ಅಕಿ ಕಾಲು ಮುಟ್ಟಿ ನಮಸ್ಕಾರ ಮಾಡಬೇಕನಿಸಿತು, ಮೊಣಕಾಲ ಬಗ್ಗಲಿಲ್ಲ, ಅದಕ್ಕ ಬಿಟ್ಟೆ."

ಶೌಕತಭಾಯಿ ಬೆಂಚಿನ ಮ್ಯಾಲ ಕುಂತಬಿಟ್ಟಾ. ಅಂಗೈಯಿಂದ ಮಾರಿ ಒರಸ್ಕೊಂಡಾ.

ಸಾಹೇಬ್ರಿಗೆ ಅವಸರ ಇತ್ತು. "ಇರಲಿ, ಆದದ್ದಾತು. ನೀವ ಚೆಕ್ಕರ್ ಅಲ್ಲ? ಅಂಗಿಗೆ ನೂರು ಕೊಟ್ರಿ. ಮೂವರಿಗೆ ಹರದು ಹಂಚಿ ಹೇಳ್ರಿ. ಲಕ್ಷ್ಮಿಗೆ ಎಷ್ಟು?"

"ಹತ್ತಕ್ಕ ಹತ್ರಿ."

"ಸುಮಿತಾ?"

"ಹತ್ತಕ್ಕ ಹತ್ತು."

"ನಿಮ್ಮ ಮಗಳಿಗೆ?"

"ಅಕಿಗೆ ಹಾಕಬ್ಯಾಡ್ರಿ."

ಅಂಬರೀನ ತಲಿ ತಗ್ಗಿಸಿದ್ಲು. ಹಬೀಬಾ ನನ್ನ ಕೈ ಗಟ್ಟಿ ಹಿಡದ್ಲು, ಬಳಿ ಚುಚ್ಚಿತು. ಸಾಹೇಬ್ರು, "ಯಾಕ್ರೀ, ಸೊನ್ನೀನ ಬರಕೊಳ್ಳೂದೇನು?" ಅಂದ್ರು.

"ಸೊನ್ನಿ ಅಲ್ಲರೀ ಸಾಹೇಬ್ರ. ನಾ ಅಕೀನ್ನ ನೋಡೇ ಇಲ್ಲ." ಶೌಕತಭಾಯಿ ಮಗಳ ಕಡೆ ನೋಡಲಾರ್ದ ಹೇಳಾಕ ಹತ್ತಿದಾ. "ಆಟ ಸುರು ಆದಾಗ ನನಗ ನಾಲ್ಕನೇ ನಂಬರ್ ನೋಡೂ ಅಂದಿದ್ರು. ನಾ ನಿಯಮ ಮುರದೆ. ನಂಬರ್ ಬಿಟ್ಟು ನನ್ನ ಮಗಳು ಎಲ್ಲಿ ಅದಾಳ ಅಂತ ಒಂದನೇದ್ರಿಂದ ಏಳನೇದತನಾ ಹುಡಕಿದೆ. ಎಲ್ಲಾ ಕಡೆ ಹುಡಕಿದೆ. ನನ್ನ ಪಾಲಿಗೆ ಬಂದಿದ್ದಾಳು ಅಂತ ಹೊಳೀಲಾರ್ದ, ನಾಲ್ಕನೇ ನಂಬರಿನ್ಯಾಗ ಮಾತ್ರ ಹುಡಕಲಿಲ್ಲ. ಸಿಗಲಿಲ್ಲ ಅಂತ ಸಿಟ್ಟು ಮಾಡ್ಕೊಂಡು ತಿರಗಿ ನಾಲ್ಕನೇದಕ್ಕ ಕಣ್ಣು ಹಚ್ಚೂದ್ರಾಗ ಅಂಗಿ ಲಕ್ಷ್ಮಿ ಮೈಮ್ಯಾಲ ಇತ್ತು. ನೋಡಲಾರದ್ದಕ್ಕ ಹೆಂಗ ಮಾರ್ಕ್ಸ್ ಹಾಕ್ಲಿ? ನ್ಯಾಯಾ ಬ್ಯಾಡೇನ್ರಿ?"

ಸಾಹೇಬ್ರು ಪೆನ್ನು ಕಿಸೇಕ ಹಾಕ್ಕೊಂಡ್ರು.

ಶೌಕತಭಾಯಿ ಎದ್ದು, ಅಡಿವೆಯ್ಯ ಮಾಸ್ತರ ಹತ್ರ ಹೋಗಿ, ದನಿ ಸಣ್ಣದು ಮಾಡಿ ಕೇಳಿದಾ. ಸಣ್ಣದು ಅಂದ್ರ ಅವಂದು, ಹೊರಗ ಮೈದಾನದಾಗ ನಿಂತವ್ರಿಗೂ ಕೇಳಿತು.

"ಮುಂದಿನ ಪಂದ್ಯ ಯಾವಾಗ್ರಿ ಮಾಸ್ತರ?"

"ಬರೂ ಐತವಾರ್ರಿ. ಕ್ಯಾಸಲ್‌ರಾಕಿನ್ಯಾಗ."

"ಗ್ಯಾರೇಜ್ ಮುಚ್ಚಿ ಬರತೇನಿ" ಅಂದಾ ಶೌಕತಭಾಯಿ.

ಅಂಬರೀನ ತಲಿ ಎತ್ತಿದ್ಲು. ಒಂದ ಸಲ ಅಪ್ಪನ ಕಡೆ ನೋಡಿ, ಇಬ್ರೂ ಗೆಳತ್ಯಾರ ಕೈ ಹಿಡಕೊಂಡು ಮೈದಾನದ ಕಡೆ ಓಟ ಕಿತ್ಲು. ಅಂವ ಬಾಗಲದಾಗ ನಿಂತು ನೋಡಿಕೋತ ಉಳದಾ. ಮಳಿ ಮತ್ತ ಸುರು ಆಗಿತ್ತು, ಹಬೀಬಾ ಛತ್ರಿ ತಂದು ಅವನ ತಲಿ ಮ್ಯಾಲ ಹಿಡದ್ಲು.